ವಾಪಸ್ ಅಟ್ಟಬೇಡಿ ಅಂದವರು, ಯಾರು ಇಟ್ಟುಕೊಳ್ಳಬೇಕು ಅನ್ನಲಿಲ್ಲ

ಒಬ್ಬ ನಿರಾಶ್ರಿತನನ್ನು ತನ್ನ ದೇಶಕ್ಕೆ ಬಿಟ್ಟುಕೊಳ್ಳದೆ ಇರಲು ಒಂದು ಸರ್ಕಾರ ಎಷ್ಟು ಕೊಡಬೇಕು? ಯುರೋಪಿಯನ್ ಒಕ್ಕೂಟ ಇದಕ್ಕೊಂದು ರೇಟ್ ಗೊತ್ತುಮಾಡಿದೆ. ತಲೆಗೆ 20,000 ಯೂರೋ. ನಮ್ಮ ದುಡ್ಡಲ್ಲಿ 20 ಲಕ್ಷ ರೂಪಾಯಿ ದಾಟುತ್ತದೆ.

ತಮಾಷೆಗೆ ಹೇಳುತ್ತಿಲ್ಲ. 2024ರ ಮೇ 14ರಂದು ಸದಸ್ಯ ದೇಶಗಳು ಅಂಗೀಕರಿಸಿದ ವಲಸೆ ಮತ್ತು ಆಶ್ರಯ ಕಾನೂನುಗಳಲ್ಲಿ ಈ ಅಂಕಿ ಇದೆ. ಅವು ಜಾರಿಗೆ ಬರಲು ಗೊತ್ತುಮಾಡಿದ ದಿನ 2026ರ ಜೂನ್ 12. ಗ್ರೀಸ್, ಇಟಲಿ, ಸ್ಪೇನ್, ಸೈಪ್ರಸ್‌ನಂಥ ಕಡಲಂಚಿನ ದೇಶಗಳಿಗೆ ಬಂದಿಳಿಯುವವರ ಹೊರೆಯನ್ನು ಮಿಕ್ಕವರು ಹಂಚಿಕೊಳ್ಳಬೇಕು ಎನ್ನುವುದು ಅದರ ತಿರುಳು. ಹೇಗೆ ಹಂಚಿಕೊಳ್ಳುವುದು ಅವರವರ ಇಷ್ಟ. ಒಂದಷ್ಟು ಜನರನ್ನು ಕರೆದುಕೊಳ್ಳಬಹುದು. ಬೇಡವೆಂದರೆ ದುಡ್ಡು ಕೊಡಬಹುದು. ಅದೂ ಬೇಡವೆಂದರೆ ಅಧಿಕಾರಿಗಳನ್ನೋ ಸಲಕರಣೆಗಳನ್ನೋ ಕಳಿಸಬಹುದು.

ಕಾನೂನಿನಲ್ಲಿ ಬರೆದದ್ದು ವರ್ಷಕ್ಕೆ ಕನಿಷ್ಠ 30,000 ಜನ ಮತ್ತು 60 ಕೋಟಿ ಯೂರೋ. 2025ರ ಡಿಸೆಂಬರ್‌ನಲ್ಲಿ ಮೊದಲ ಸಲ ಲೆಕ್ಕ ಹಾಕಲು ಕೂತಾಗ ಅದು 21,000 ಜನ, 42 ಕೋಟಿ ಯೂರೋಗೆ ಇಳಿಯಿತು. ಜೂನ್‌ನಿಂದ ಶುರುವಾಗುವುದರಿಂದ ವರ್ಷ ಪೂರ್ತಿ ಸಿಗುವುದಿಲ್ಲ, ನಿಜ. ಆದರೂ 45 ಕೋಟಿ ಜನರಿರುವ, ಜಗತ್ತಿನ ಶ್ರೀಮಂತ ಒಕ್ಕೂಟವೊಂದಕ್ಕೆ 21,000 ಎನ್ನುವುದು ನಮ್ಮ ಒಂದು ಸಣ್ಣ ಹೋಬಳಿಯಷ್ಟು ಜನ.

ಇದನ್ನು ನೋಡಿ ನಗುವುದು ಸುಲಭ. ನನಗನ್ನಿಸುವುದು ಬೇರೆ. ಇಷ್ಟಾದರೂ ಕಾನೂನಿನಲ್ಲಿ ಬಂತಲ್ಲ ಎನ್ನುವುದೇ ದೊಡ್ಡದು. ಯಾಕೆಂದರೆ ಮುಕ್ಕಾಲು ಶತಮಾನದಿಂದ ನಡೆದಿರುವ ನಿರಾಶ್ರಿತರ ರಕ್ಷಣೆಯ ವ್ಯವಸ್ಥೆಯಲ್ಲಿ ‘ಹಂಚಿಕೊಳ್ಳಲೇಬೇಕು’ ಎಂಬ ಸಾಲೇ ಇಲ್ಲ. ಇವತ್ತು ಕಾಣುವ ಬೇಲಿ, ದೋಣಿ, ಕ್ಯಾಂಪು, ಕೋರ್ಟು ಕೇಸುಗಳ ಗೋಜಲಿನಲ್ಲಿ ಬಹುಪಾಲು ಈ ಒಂದು ಬಿಟ್ಟುಹೋದ ಸಾಲಿನಿಂದ ಹುಟ್ಟಿದ್ದು.

1951ರಲ್ಲಿ ಬರೆದದ್ದು, ಬಿಟ್ಟದ್ದು

1938ರ ಜುಲೈನಲ್ಲಿ ಫ್ರಾನ್ಸ್‌ನ ಎವಿಯಾನ್ ಎಂಬ ಊರಲ್ಲಿ 32 ದೇಶಗಳು ಸೇರಿದವು. ಹಿಟ್ಲರ್‌ನ ಜರ್ಮನಿ ಮತ್ತು ಆಸ್ಟ್ರಿಯಾದಿಂದ ಓಡುತ್ತಿದ್ದ ಯಹೂದಿಗಳನ್ನು ಯಾರು ತೆಗೆದುಕೊಳ್ಳಬೇಕು ಎಂಬ ಚರ್ಚೆ. ಎಲ್ಲರೂ ಮರುಗಿದರು. ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತೇವೆ ಎಂದು ಮುಂದೆ ಬಂದದ್ದು ಡೊಮಿನಿಕನ್ ಗಣರಾಜ್ಯ ಎಂಬ ಪುಟ್ಟ ದೇಶ ಮಾತ್ರ. ಮರುವರ್ಷ ಸೇಂಟ್ ಲೂಯಿಸ್ ಎಂಬ ಹಡಗು 937 ಪ್ರಯಾಣಿಕರನ್ನು ಹೊತ್ತು ಕ್ಯೂಬಾಕ್ಕೆ ಹೋಯಿತು. ಅಲ್ಲಿ ಬಹುತೇಕರನ್ನು ಇಳಿಸಿಕೊಳ್ಳಲಿಲ್ಲ. ಅಮೆರಿಕವೂ ಬಾಗಿಲು ತೆಗೆಯಲಿಲ್ಲ. ಹಡಗು ಯುರೋಪಿಗೆ ವಾಪಸಾಯಿತು. ಅದರಲ್ಲಿದ್ದ 254 ಜನ ಆಮೇಲೆ ನಾಜಿಗಳ ಹತ್ಯಾಕಾಂಡದಲ್ಲಿ ಸತ್ತರು.

ಯುದ್ಧ ಮುಗಿದ ಮೇಲೆ, 1951ರ ಜುಲೈ 28ರಂದು ಜಿನೀವಾದಲ್ಲಿ ನಿರಾಶ್ರಿತರ ಒಪ್ಪಂದ ಆದದ್ದು ಈ ನಾಚಿಕೆಯ ನೆನಪಿನಲ್ಲಿ. ಅದರ ಜೀವಾಳ 33ನೇ ವಿಧಿ. ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇರುವ ಕಡೆಗೆ ಯಾರನ್ನೂ ವಾಪಸ್ ಅಟ್ಟಬಾರದು ಎನ್ನುತ್ತದೆ ಅದು. 31ನೇ ವಿಧಿಯೂ ಅಷ್ಟೇ ಮುಖ್ಯ. ಜೀವ ಉಳಿಸಿಕೊಳ್ಳಲು ನೇರವಾಗಿ ಓಡಿಬಂದವರು ವೀಸಾ ಇಲ್ಲದೆ ಗಡಿ ದಾಟಿದರು ಅಂತ ಶಿಕ್ಷೆ ಕೊಡಬಾರದು. ಅಪಾಯ ಯಾವ ಕಾರಣಕ್ಕೆ ಇರಬೇಕು ಎಂಬ ಪಟ್ಟಿಯೂ ಇದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು. ಬಡತನ, ಬರಗಾಲ, ಪ್ರವಾಹ ಆ ಪಟ್ಟಿಯಲ್ಲಿ ಇಲ್ಲ.

ಶುರುವಿನಲ್ಲಿ ಇದು 1951ರ ಜನವರಿ 1ಕ್ಕೆ ಮೊದಲಿನ ಘಟನೆಗಳಿಂದ ನಿರಾಶ್ರಿತರಾದವರಿಗೆ ಮಾತ್ರ ಇತ್ತು. ಯುರೋಪಿನ ಘಟನೆಗಳಿಗಷ್ಟೇ ಅಂತ ಇಟ್ಟುಕೊಳ್ಳುವ ಆಯ್ಕೆಯೂ ದೇಶಗಳಿಗಿತ್ತು. 1967ರ ಪೂರಕ ಒಪ್ಪಂದ ಈ ಮಿತಿಗಳನ್ನು ತೆಗೆಯಿತು. ಟರ್ಕಿಯಂಥ ಒಂದೆರಡು ದೇಶಗಳು ಮಾತ್ರ ಹಳೇ ಮಿತಿಯನ್ನೇ ಹಿಡಿದುಕೊಂಡವು. ಟರ್ಕಿಯ ಕಾನೂನಿನ ಪ್ರಕಾರ ಇವತ್ತಿಗೂ ಯುರೋಪಿನಿಂದ ಓಡಿಬಂದವರಷ್ಟೇ ಪೂರ್ತಿ ನಿರಾಶ್ರಿತರು. ಲಕ್ಷಾಂತರ ಸಿರಿಯನ್ನರು ಅಲ್ಲಿ ಇದ್ದದ್ದು ‘ತಾತ್ಕಾಲಿಕ ರಕ್ಷಣೆ’ ಎಂಬ ಬೇರೆ ಲೆಕ್ಕದಲ್ಲಿ.

ಅಟ್ಟಬಾರದು, ಸರಿ. ಆದರೆ ಬಂದವರನ್ನು ಯಾರು ಇಟ್ಟುಕೊಳ್ಳಬೇಕು? ಖರ್ಚು ಯಾರದು? ಒಂದು ದೇಶದ ಮೇಲೆ ಜಾಸ್ತಿ ಹೊರೆ ಬಿದ್ದರೆ ಮಿಕ್ಕವರು ಏನು ಮಾಡಬೇಕು? ಒಪ್ಪಂದದ ಪೀಠಿಕೆಯಲ್ಲಿ ಇದರ ಒಂದು ಉಲ್ಲೇಖ ಇದೆ. ಆಶ್ರಯ ಕೊಡುವುದರಿಂದ ಕೆಲವು ದೇಶಗಳ ಮೇಲೆ ವಿಪರೀತ ಹೊರೆ ಬೀಳಬಹುದು, ಅಂತಾರಾಷ್ಟ್ರೀಯ ಸಹಕಾರ ಇಲ್ಲದೆ ಇದು ಬಗೆಹರಿಯದು ಎಂಬ ಅರ್ಥದ ಮಾತು. ವಿಧಿಗಳಲ್ಲಿ ಅದು ಎಲ್ಲೂ ಇಲ್ಲ. ಪೀಠಿಕೆಯ ಮಾತಿಗೆ ಕೋರ್ಟಿಗೆ ಹೋಗಲು ಆಗುವುದಿಲ್ಲ. ಹಾಗಾಗಿ ಹೊರೆ ಹಂಚುವ ಕೆಲಸವನ್ನು ನಕ್ಷೆಯೇ ಮಾಡುತ್ತದೆ. ಜಗಳದ ಪಕ್ಕದಲ್ಲಿ ಇರುವವರು ಹೊರುತ್ತಾರೆ.

2024ರ ಕೊನೆಗೆ ಜಗತ್ತಿನಲ್ಲಿ 12.32 ಕೋಟಿ ಜನ ಮನೆ ಬಿಟ್ಟು ಓಡುವಂತಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ದೇಶದ ಒಳಗೇ ಬೇರೆ ಊರಿಗೆ ಹೋದವರು. ಗಡಿ ದಾಟಿದವರಲ್ಲಿ ಮೂರನೇ ಎರಡು ಭಾಗ ನಿಂತದ್ದು ಪಕ್ಕದ ದೇಶದಲ್ಲೇ. ಶೇ 73ರಷ್ಟು ಜನ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆ ವರ್ಷ ಇರಾನ್‌ನಲ್ಲಿ 35 ಲಕ್ಷ, ಟರ್ಕಿಯಲ್ಲಿ 29 ಲಕ್ಷ, ಕೊಲಂಬಿಯಾದಲ್ಲಿ 28 ಲಕ್ಷ, ಉಗಾಂಡಾದಲ್ಲಿ 18 ಲಕ್ಷ ಮಂದಿ ಇದ್ದರು. ಮೊದಲ ಐದರಲ್ಲಿ ಇದ್ದ ಒಂದೇ ಶ್ರೀಮಂತ ದೇಶ ಜರ್ಮನಿ. ಲೆಬನಾನ್‌ನಲ್ಲಿ 2015ರ ಹೊತ್ತಿಗೆ ನಾಲ್ವರಲ್ಲಿ ಒಬ್ಬರು ಸಿರಿಯಾದಿಂದ ಬಂದವರು. ಇನ್ನೊಂದು ವಿಷಯ ಗಮನಿಸಿ. ಲೆಬನಾನ್, ಜೋರ್ಡಾನ್, ಪಾಕಿಸ್ತಾನ, ಬಾಂಗ್ಲಾದೇಶ, ಭಾರತ ಇವ್ಯಾವುವೂ 1951ರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲ.

ಮೊದಲು ಕಾಲಿಟ್ಟ ಊರೇ ನಿನ್ನದು

ಯುರೋಪ್ ಒಳಗೂ ಇದೇ ನಕ್ಷೆಯ ನ್ಯಾಯ ಬಹಳ ವರ್ಷ ನಡೆಯಿತು. 1990ರಲ್ಲಿ ಡಬ್ಲಿನ್‌ನಲ್ಲಿ ಒಂದು ಒಪ್ಪಂದ ಆಯಿತು. ಒಬ್ಬನ ಅರ್ಜಿಯನ್ನು ಒಂದೇ ದೇಶ ನೋಡಬೇಕು, ಆತ ನಾಲ್ಕು ಕಡೆ ಅರ್ಜಿ ಹಾಕುತ್ತಾ ಹೋಗಬಾರದು, ಯಾವ ದೇಶವೂ ‘ನಮ್ಮದಲ್ಲ’ ಎಂದು ಜಾರಿಕೊಳ್ಳಬಾರದು ಎನ್ನುವುದು ಉದ್ದೇಶ. ಉದ್ದೇಶ ಸರಿಯೇ. ಆದರೆ ಕುಟುಂಬದವರು ಬೇರೆಲ್ಲೂ ಇಲ್ಲದಿದ್ದರೆ, ಮೊದಲು ಕಾಲಿಟ್ಟ ದೇಶವೇ ಹೊಣೆ ಎಂದು ನಿಯಮ ಮಾಡಿದರು. ಆಫ್ರಿಕಾದಿಂದ ದೋಣಿಯಲ್ಲಿ ಹೊರಟವನು ಮೊದಲು ಕಾಲಿಡುವುದು ಎಲ್ಲಿ? ಇಟಲಿಯ ಲ್ಯಾಂಪೆಡೂಸಾ ದ್ವೀಪದಲ್ಲಿ. ಟರ್ಕಿಯಿಂದ ಹೊರಟವನು ಗ್ರೀಸ್‌ನ ಲೆಸ್ಬೋಸ್‌ನಲ್ಲಿ. ಸ್ವೀಡನ್ನಿಗೆ ಯಾರೂ ಮೊದಲು ಕಾಲಿಡುವುದಿಲ್ಲ.

ಗ್ರೀಸ್‌ನ ವ್ಯವಸ್ಥೆ ಕುಸಿಯಿತು. 2011ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಬೆಲ್ಜಿಯಂ ಒಬ್ಬ ಅಫ್ಘನ್ ಅರ್ಜಿದಾರನನ್ನು ಗ್ರೀಸ್‌ಗೆ ವಾಪಸ್ ಕಳಿಸಿದ್ದೇ ತಪ್ಪು ಎಂದಿತು. ಅಲ್ಲಿನ ಸ್ಥಿತಿ ಅಷ್ಟು ಕೆಟ್ಟದಾಗಿತ್ತು. ಅಂದರೆ ಒಂದು ಯುರೋಪಿಯನ್ ದೇಶ ಇನ್ನೊಂದಕ್ಕೆ ಜನರನ್ನು ಕಳಿಸುವುದೂ ಅಮಾನವೀಯ ಆಗಬಹುದು.

2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರದ ಮೂಲಕ ಬಂದರು. ಆಗಸ್ಟ್ ಕೊನೆಯಲ್ಲಿ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ‘ನಮ್ಮಿಂದ ಆಗುತ್ತದೆ’ ಎಂದರು. ಸೆಪ್ಟೆಂಬರ್‌ನಲ್ಲಿ ಒಕ್ಕೂಟ 1,60,000 ಜನರನ್ನು ಇಟಲಿ ಮತ್ತು ಗ್ರೀಸ್‌ನಿಂದ ಬೇರೆ ದೇಶಗಳಿಗೆ ಹಂಚುವ ತೀರ್ಮಾನ ಮಾಡಿತು. ಎರಡು ವರ್ಷದಲ್ಲಿ ನಿಜಕ್ಕೂ ಹೋದವರು ಸುಮಾರು 35,000. ಹಂಗೇರಿ, ಪೋಲೆಂಡ್ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಜೆಕ್ ಗಣರಾಜ್ಯ ತೆಗೆದುಕೊಂಡದ್ದು 12 ಜನರನ್ನಷ್ಟೇ. 2020ರ ಏಪ್ರಿಲ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಈ ಮೂರೂ ದೇಶಗಳು ಕಾನೂನು ಮುರಿದಿವೆ ಎಂದಿತು. ಅಷ್ಟರಲ್ಲಿ ಯೋಜನೆ ಮುಗಿದೇ ಹೋಗಿತ್ತು. ತೀರ್ಪು ಬಂದು ಏನು ಪ್ರಯೋಜನ?

ಹೊಸ ಕಾನೂನಿನಲ್ಲಿ 20,000 ಯೂರೋ ಎಂಬ ದಾರಿ ಬಂದದ್ದು ಈ ಪೆಟ್ಟು ತಿಂದ ಮೇಲೆ. ಜನ ಬೇಡ ಅನ್ನುವವರಿಂದ ದುಡ್ಡನ್ನಾದರೂ ವಸೂಲಿ ಮಾಡೋಣ ಎಂಬ ಲೆಕ್ಕಾಚಾರ. ಅದಕ್ಕೂ ಹಂಗೇರಿ, ಪೋಲೆಂಡ್ ವಿರುದ್ಧ ಮತ ಹಾಕಿದವು.

ಈ ಕಾನೂನಿನ ಇನ್ನೊಂದು ಮುಖ ಜಾಸ್ತಿ ಬಿಗಿ. ಗಡಿಯಲ್ಲೇ ತಪಾಸಣೆ, ಬೆರಳಚ್ಚು, ಕೆಲವರಿಗೆ 12 ವಾರದಲ್ಲಿ ಅರ್ಜಿ ಇತ್ಯರ್ಥ. ಸುರಕ್ಷಿತ ಎಂದು ಗುರುತಿಸಿದ ದೇಶಗಳಿಂದ ಬಂದವರ ಅರ್ಜಿ ಸರಸರನೆ ಮುಗಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಮುಂದಿಟ್ಟ ಏಳು ದೇಶಗಳ ಪಟ್ಟಿಯಲ್ಲಿ ಬಾಂಗ್ಲಾದೇಶ, ಈಜಿಪ್ಟ್, ಮೊರಾಕ್ಕೋ ಜೊತೆ ಭಾರತವೂ ಇದೆ. ಅಂದರೆ ಯುರೋಪಿನಲ್ಲಿ ಆಶ್ರಯ ಕೇಳುವ ಭಾರತೀಯನ ಅರ್ಜಿಯನ್ನು ಮೊದಲೇ ಅನುಮಾನದಿಂದ ನೋಡುತ್ತಾರೆ. ಹೊಟ್ಟೆಪಾಡಿಗೆ ಹೋಗಿ ಆಶ್ರಯದ ಅರ್ಜಿ ಹಾಕುವವರು ಇದ್ದಾರೆ ಎನ್ನುವುದನ್ನು ಅಲ್ಲಗಳೆಯಲು ಆಗುವುದಿಲ್ಲ. ಅರ್ಜಿ ತಿರಸ್ಕಾರ ಆದ ಮೇಲೂ ವಾಪಸ್ ಹೋಗುವವರು ಕಡಿಮೆ. ಹೋಗಬೇಕು ಎಂದು ಆದೇಶ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಷ್ಟೇ ನಿಜಕ್ಕೂ ಹೋಗುತ್ತಾರೆ ಎಂದು ಒಕ್ಕೂಟವೇ ಹೇಳುತ್ತಾ ಬಂದಿದೆ. ಇದನ್ನು ಬಲಪಂಥೀಯರ ಕೂಗು ಅಂತ ತಳ್ಳಿಹಾಕಿದರೆ, ನಿಜವಾದ ನಿರಾಶ್ರಿತರ ಮೇಲಿನ ಜನರ ಭರವಸೆಯೂ ಹೋಗುತ್ತದೆ.

ದುಡ್ಡು ಕೊಟ್ಟು ಬಾಗಿಲು ಹಾಕಿಸುವುದು

ಒಳಗೆ ಹಂಚಿಕೊಳ್ಳಲು ಆಗದವರು ಹೊರಗಿನವರಿಗೆ ಗುತ್ತಿಗೆ ಕೊಡಲು ಶುರುಮಾಡಿದರು. 2016ರ ಮಾರ್ಚ್ 18ರಂದು ಒಕ್ಕೂಟ ಮತ್ತು ಟರ್ಕಿ ಒಂದು ಒಪ್ಪಂದಕ್ಕೆ ಬಂದವು. ಗ್ರೀಸ್ ದ್ವೀಪಗಳಿಗೆ ಬಂದವರನ್ನು ಟರ್ಕಿ ವಾಪಸ್ ತೆಗೆದುಕೊಳ್ಳಬೇಕು. ಹಾಗೆ ವಾಪಸಾದ ಒಬ್ಬ ಸಿರಿಯನ್‌ಗೆ ಬದಲಾಗಿ ಟರ್ಕಿಯಲ್ಲಿರುವ ಇನ್ನೊಬ್ಬ ಸಿರಿಯನ್‌ನನ್ನು ಯುರೋಪ್ ಕರೆಸಿಕೊಳ್ಳಬೇಕು. ಜೊತೆಗೆ ಟರ್ಕಿಯಲ್ಲಿರುವ ನಿರಾಶ್ರಿತರಿಗಾಗಿ 600 ಕೋಟಿ ಯೂರೋ. ದೋಣಿಗಳು ಧಡಕ್ಕನೆ ಕಡಿಮೆಯಾದವು. ಆ ದುಡ್ಡಲ್ಲಿ ಶಾಲೆಗಳಾದವು, ಬಡ ಕುಟುಂಬಗಳಿಗೆ ತಿಂಗಳ ಖರ್ಚಿಗೆ ಕಾರ್ಡ್ ಸಿಕ್ಕಿತು. ಇದನ್ನು ಪೂರ್ತಿ ಕೆಟ್ಟದ್ದು ಅನ್ನುವವರು ಈ ಭಾಗವನ್ನು ಮರೆಯುತ್ತಾರೆ.

ಆದರೆ ಬಾಗಿಲು ಕಾಯಲು ದುಡ್ಡು ತೆಗೆದುಕೊಂಡವನಿಗೆ ಬಾಗಿಲು ತೆಗೆಯುವ ಅಧಿಕಾರವೂ ಬರುತ್ತದೆ. 2020ರ ಫೆಬ್ರುವರಿ ಕೊನೆಯಲ್ಲಿ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಸಿರಿಯಾ ವಿಚಾರದಲ್ಲಿ ಮುನಿಸಿಕೊಂಡು ‘ಹೋಗುವವರು ಹೋಗಬಹುದು’ ಅಂದರು. ಸಾವಿರಾರು ಜನ ಗ್ರೀಸ್ ಗಡಿಯ ಬೇಲಿಗೆ ಹೋಗಿ ನಿಂತರು. ಆ ಕಡೆಯಿಂದ ಅಶ್ರುವಾಯು ಬಂತು. 2021ರ ಮೇನಲ್ಲಿ ಮೊರಾಕ್ಕೋಗೆ ಸ್ಪೇನ್ ಮೇಲೆ ಸಿಟ್ಟು ಬಂತು. ಗಡಿ ಕಾವಲು ಸಡಿಲವಾಯಿತು. ಎರಡೇ ದಿನದಲ್ಲಿ ಸುಮಾರು 8,000 ಜನ ಆಫ್ರಿಕಾದ ದಡದಲ್ಲೇ ಇರುವ ಸ್ಪೇನ್‌ನ ಸೆಉಟಾ ಪಟ್ಟಣಕ್ಕೆ ಈಜಿ, ನಡೆದು ದಾಟಿದರು. ಅದರಲ್ಲಿ ಮಕ್ಕಳೂ ಬಹಳ ಇದ್ದರು. ರಾಜತಾಂತ್ರಿಕ ಜಗಳದಲ್ಲಿ ಜನರನ್ನೇ ಕಾಯಿಗಳಂತೆ ಮುಂದೆ ತಳ್ಳಿದರು.

ಲಿಬಿಯಾದ್ದು ಇದಕ್ಕಿಂತ ಕ್ರೂರ. ಸಮುದ್ರದಲ್ಲಿ ಹಿಡಿದವರನ್ನು ಇಟಲಿ ನೇರವಾಗಿ ಲಿಬಿಯಾಕ್ಕೆ ಬಿಟ್ಟುಬಂದದ್ದು ತಪ್ಪು ಎಂದು 2012ರಲ್ಲೇ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತ್ತು. ಹಾಗಾದರೆ ಲಿಬಿಯಾದವರೇ ಹಿಡಿದುಕೊಂಡು ಹೋದರೆ? ಇಟಲಿ ಮತ್ತು ಲಿಬಿಯಾ ನಡುವಿನ 2017ರ ಒಪ್ಪಂದ ಮಾಡಿದ್ದು ಅದನ್ನೇ. ಲಿಬಿಯಾದ ಕರಾವಳಿ ಪಡೆಗೆ ದೋಣಿ, ತರಬೇತಿ, ದುಡ್ಡು. ಹಿಡಿದವರು ಹೋಗುತ್ತಿದ್ದುದು ಹೊಡೆತ, ಸುಲಿಗೆ, ಅತ್ಯಾಚಾರದ ಬಂಧನ ಕೇಂದ್ರಗಳಿಗೆ. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಅಲ್ಲಿ ವಲಸಿಗರ ಮೇಲೆ ಮಾನವತೆಯ ವಿರುದ್ಧದ ಅಪರಾಧಗಳು ನಡೆದಿವೆ ಎಂದಿತು. ಕಾನೂನಿನ ಅಕ್ಷರ ಉಳಿಯಿತು, ಮನುಷ್ಯರು ಉಳಿಯಲಿಲ್ಲ. 2014ರಿಂದೀಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರ, ಕಾಣೆಯಾದವರ ಸಂಖ್ಯೆ 30,000 ದಾಟಿದೆ.

ದೂರದ ದ್ವೀಪಕ್ಕೆ ಕಳಿಸುವ ದಾರಿ ಹಿಡಿದದ್ದು ಆಸ್ಟ್ರೇಲಿಯಾ. 2001ರ ಆಗಸ್ಟ್‌ನಲ್ಲಿ ನಾರ್ವೆಯ ಟಂಪಾ ಹಡಗು ಮುಳುಗುತ್ತಿದ್ದ ದೋಣಿಯಿಂದ 433 ಜನರನ್ನು ಎತ್ತಿಕೊಂಡು ಬಂದಾಗ ಆಸ್ಟ್ರೇಲಿಯಾ ಅವರನ್ನು ಇಳಿಸಿಕೊಳ್ಳಲಿಲ್ಲ. ನೌರು ದ್ವೀಪ, ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಗಳಲ್ಲಿ ಕೇಂದ್ರಗಳು ಎದ್ದವು. 2016ರಲ್ಲಿ ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟ್ ಮಾನುಸ್ ಬಂಧನ ತಮ್ಮ ಸಂವಿಧಾನಕ್ಕೆ ವಿರುದ್ಧ ಎಂದಿತು.

ಬ್ರಿಟನ್‌ದು ಮಾತ್ರ ಓದುತ್ತಾ ಹೋದರೆ ನಂಬಲಿಕ್ಕೇ ಆಗುವುದಿಲ್ಲ. ಇಂಗ್ಲಿಷ್ ಕಡಲ್ಗಾಲುವೆ ದಾಟಿ ಸಣ್ಣ ದೋಣಿಗಳಲ್ಲಿ ಬರುವವರನ್ನು ರುವಾಂಡಾಕ್ಕೆ ಕಳಿಸುತ್ತೇವೆ ಎಂದು 2022ರ ಏಪ್ರಿಲ್‌ನಲ್ಲಿ ಘೋಷಣೆ ಆಯಿತು. ಜೂನ್‌ನಲ್ಲಿ ಮೊದಲ ವಿಮಾನ ಹೊರಡುವ ಹೊತ್ತಿಗೆ ಕೋರ್ಟ್ ತಡೆ ಬಂತು. 2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಯೋಜನೆ ಕಾನೂನುಬಾಹಿರ ಎಂದಿತು. ರುವಾಂಡಾದಿಂದ ಅವರನ್ನು ಮತ್ತೆ ಅಪಾಯದ ದೇಶಕ್ಕೇ ಕಳಿಸುವ ಭಯ ಇದೆ ಎನ್ನುವುದು ಕಾರಣ. ಸರ್ಕಾರ ಏನು ಮಾಡಿತು ಗೊತ್ತಾ? ರುವಾಂಡಾ ಸುರಕ್ಷಿತ ಎಂದು ಪಾರ್ಲಿಮೆಂಟಿನಲ್ಲೇ ಕಾಯ್ದೆ ಪಾಸು ಮಾಡಿತು! 2024ರ ಜುಲೈನಲ್ಲಿ ಹೊಸ ಸರ್ಕಾರ ಬಂದು ಎಲ್ಲವನ್ನೂ ರದ್ದು ಮಾಡಿತು. ಅದರ ಲೆಕ್ಕದಲ್ಲಿ ಅಷ್ಟರಲ್ಲಿ ಖರ್ಚಾದದ್ದು 70 ಕೋಟಿ ಪೌಂಡ್. ರುವಾಂಡಾಕ್ಕೆ ಹೋದವರು ನಾಲ್ವರು. ಅವರೂ ತಾವಾಗಿ ಒಪ್ಪಿ ಹೋದವರು.

ಇದೆಲ್ಲವನ್ನೂ ಸರ್ಕಾರಗಳು ಕರೆಯುವುದು ಅಂತಾರಾಷ್ಟ್ರೀಯ ಸಹಕಾರ ಅಂತಲೇ. ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟವರು ಒಬ್ಬರನ್ನಾದರೂ ತಮ್ಮಲ್ಲಿಗೆ ಕರೆದುಕೊಂಡರೆ ಅದು ಹಂಚಿಕೆ. ಯಾರನ್ನೂ ತೆಗೆದುಕೊಳ್ಳದೆ ದುಡ್ಡು ಮಾತ್ರ ಕೊಟ್ಟರೆ ಅದು ಕಾವಲಿನ ಸಂಬಳ.

ನಡೆದ ಉದಾಹರಣೆಗಳು

ಆಗುವುದೇ ಇಲ್ಲ ಅನ್ನುವವರು 1956ನ್ನು ನೋಡಬೇಕು. ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದ ಮೇಲೆ ಸುಮಾರು 2 ಲಕ್ಷ ಹಂಗೇರಿಯನ್ನರು ದೇಶ ಬಿಟ್ಟರು. 1,80,000 ಜನ ಪುಟ್ಟ ಆಸ್ಟ್ರಿಯಾಕ್ಕೆ ಬಂದರು. ಒಪ್ಪಂದವೋ 1951ಕ್ಕೆ ಮೊದಲಿನ ಘಟನೆಗಳಿಗೆ ಮಾತ್ರ! ಯುಎನ್‌ಎಚ್‌ಸಿಆರ್‌ನ, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಾನೂನು ತಜ್ಞರು ದಾರಿ ಹುಡುಕಿದರು. ದಂಗೆ 1956ರದ್ದಾದರೂ ಅದರ ಬೇರು 1940ರ ದಶಕದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದದ್ದರಲ್ಲಿದೆ ಎಂದರು. ಯಾರೂ ತಕರಾರು ಮಾಡಲಿಲ್ಲ. ಒಟ್ಟು 37 ದೇಶಗಳು ಜನರನ್ನು ಹಂಚಿಕೊಂಡವು. ಅವತ್ತು ಓಡಿಹೋದವರ ದೇಶವೇ ಅರವತ್ತು ವರ್ಷದ ನಂತರ ಮುಳ್ಳುತಂತಿ ಹಾಕಿತು.

1979ರದ್ದು ಇನ್ನೂ ಕಷ್ಟದ್ದು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಜನ ದೋಣಿಗಳಲ್ಲಿ ಹೊರಟರು. ಲಾವೋಸ್, ಕಾಂಬೋಡಿಯಾದವರು ಥಾಯ್ಲೆಂಡ್ ಕಡೆಗೆ ನಡೆದರು. 1979ರ ಮಧ್ಯದ ಹೊತ್ತಿಗೆ ಆ ಭಾಗದ ದೇಶಗಳಲ್ಲಿ 3.5 ಲಕ್ಷ ಜನ ಉಳಿದಿದ್ದರು. ಮಲೇಷ್ಯಾ ದೋಣಿಗಳನ್ನು ಎಳೆದು ಸಮುದ್ರಕ್ಕೆ ಬಿಡುತ್ತಿತ್ತು. ಇನ್ನು ಒಬ್ಬರನ್ನೂ ಸೇರಿಸಲ್ಲ ಎಂದು ಅಲ್ಲಿನ ದೇಶಗಳು ಒಟ್ಟಾಗಿ ಹೇಳಿದವು.

ಜುಲೈನಲ್ಲಿ ಜಿನೀವಾದಲ್ಲಿ 65 ದೇಶಗಳು ಸೇರಿದವು. ಅಲ್ಲಿ ಕುದುರಿದ ಮಾತು ಇಷ್ಟೇ: ನೀವು ದೋಣಿ ಇಳಿಸಿಕೊಳ್ಳಿ, ಇಳಿದವರನ್ನು ನಾವು ಕರೆದುಕೊಂಡು ಹೋಗುತ್ತೇವೆ. ಪುನರ್ವಸತಿಯ ಭರವಸೆ 1,25,000ದಿಂದ 2,60,000ಕ್ಕೆ ಏರಿತು. ತಿಂಗಳಿಗೆ 9,000 ಜನ ಹೋಗುತ್ತಿದ್ದ ಕಡೆ ವರ್ಷದ ಎರಡನೇ ಅರ್ಧದಲ್ಲಿ ತಿಂಗಳಿಗೆ ಸುಮಾರು 25,000 ಜನ ಹೋದರು. ಹಿಂದಿನ, ಮುಂದಿನ ವರ್ಷಗಳನ್ನೂ ಸೇರಿಸಿದರೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಮುಂತಾದ ದೇಶಗಳಿಗೆ ಹೋಗಿ ನೆಲೆಸಿದವರು 13 ಲಕ್ಷ ಮಂದಿ.

ಹತ್ತು ವರ್ಷದಲ್ಲಿ ಇದೇ ವ್ಯವಸ್ಥೆ ಸುಸ್ತಾಯಿತು. ಬಂದರೆ ಅಮೆರಿಕ ಗ್ಯಾರಂಟಿ ಎಂದು ಗೊತ್ತಾದ ಮೇಲೆ ಬರುವವರು ನಿಲ್ಲಲಿಲ್ಲ. 1989ರ ಜೂನ್‌ನಲ್ಲಿ ಮತ್ತೆ ಜಿನೀವಾದಲ್ಲಿ ಕೂತರು. ಈ ಸಲ ವಿಯೆಟ್ನಾಂ ಕೂಡ ಮಾತುಕತೆಯಲ್ಲಿ ಇತ್ತು. ಇನ್ನು ಮೇಲೆ ಎಲ್ಲರಿಗೂ ತಾನಾಗಿ ಆಶ್ರಯ ಇಲ್ಲ, ಒಬ್ಬೊಬ್ಬರ ಕೇಸನ್ನೂ ಪರೀಕ್ಷೆ ಮಾಡುತ್ತೇವೆ. ಪಾಸಾದವರಿಗೆ ಹೊಸ ದೇಶ. ಉಳಿದವರು ಮನೆಗೆ, ವಾಪಸ್ ಹೋದವರಿಗೆ ತೊಂದರೆ ಕೊಡುವುದಿಲ್ಲ ಎಂದು ವಿಯೆಟ್ನಾಂ ಮಾತು ಕೊಡಬೇಕು. ಹೀಗೆ 1,09,000ಕ್ಕೂ ಹೆಚ್ಚು ವಿಯೆಟ್ನಾಮಿಗಳು ವಾಪಸಾದರು. ಹಾಂಗ್‌ಕಾಂಗ್‌ನ ಕ್ಯಾಂಪುಗಳಲ್ಲಿ ಗಲಾಟೆ ಆಯಿತು, ಬಲವಂತವೂ ಆಯಿತು. ಪರೀಕ್ಷೆ ಎಲ್ಲ ಕಡೆ ನ್ಯಾಯವಾಗಿರಲಿಲ್ಲ. ಆದರೂ ಎರಡು ದಶಕದ ಒಂದು ಬಿಕ್ಕಟ್ಟು ಕ್ಯಾಂಪುಗಳು ಮುಚ್ಚುವ ತನಕ ಹೋದ ಅಪರೂಪದ ಉದಾಹರಣೆ ಇದು. ಆಶ್ರಯದ ಪರ ಇರುವವರು 1979ನ್ನು ನೆನೆಯುತ್ತಾರೆ, 1989ನ್ನು ಬಿಡುತ್ತಾರೆ. ವಿರೋಧ ಇರುವವರು ಉಲ್ಟಾ. ಎರಡೂ ಸೇರಿದ್ದರಿಂದಲೇ ಅದು ಮುಗಿದದ್ದು.

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಯುರೋಪ್ ಎಂಟೇ ದಿನದಲ್ಲಿ, ಮಾರ್ಚ್ 4ರಂದು, 2001ರಿಂದ ಧೂಳು ಹಿಡಿದಿದ್ದ ತಾತ್ಕಾಲಿಕ ರಕ್ಷಣೆಯ ಕಾನೂನನ್ನು ಮೊದಲ ಬಾರಿ ಹೊರತೆಗೆಯಿತು. ಅರ್ಜಿ, ವಿಚಾರಣೆ ಇಲ್ಲ. ಇಷ್ಟ ಬಂದ ದೇಶಕ್ಕೆ ಹೋಗಿ, ಕೆಲಸ ಮಾಡಿ, ಮಕ್ಕಳನ್ನು ಶಾಲೆಗೆ ಹಾಕಿ. 40 ಲಕ್ಷಕ್ಕೂ ಹೆಚ್ಚು ಜನ ಈ ರಕ್ಷಣೆ ಪಡೆದರು. 2015ರ ಹಂಚಿಕೆಯಲ್ಲಿ ಒಬ್ಬರನ್ನೂ ತೆಗೆದುಕೊಳ್ಳದ ಪೋಲೆಂಡ್ ಮುಂದೆ ನಿಂತು ಕರೆದುಕೊಂಡಿತು. ಈ ವ್ಯತ್ಯಾಸದಲ್ಲಿ ಬಣ್ಣ, ಧರ್ಮದ ಪಾಲಿದೆ ಎಂದರೆ ತಪ್ಪಾಗುವುದಿಲ್ಲ. ಅದೊಂದೇ ಅಲ್ಲ. 1956, 1979, 2022 ಮೂರರಲ್ಲೂ ಜನ ಓಡುತ್ತಿದ್ದುದು ಪಶ್ಚಿಮದವರ ಎದುರಾಳಿಯಿಂದ. ಸಹಾಯ ಮಾಡಿದರೆ ರಾಜಕೀಯ ಲಾಭವೂ ಇತ್ತು. 2024ರ ಕೊನೆಗೆ ಸುಡಾನ್‌ನಲ್ಲಿ 1.43 ಕೋಟಿ ಜನ ಮನೆ ಕಳೆದುಕೊಂಡಿದ್ದರು. ಅವರಿಂದ ಯಾರಿಗೂ ಅಂಥ ಲಾಭ ಇಲ್ಲ. ಅವರ ಹೊರೆ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್ ಮೇಲೆ.

ಈ ಕೊರತೆ ತುಂಬಲು ಪ್ರಯತ್ನ ಆಗಿಲ್ಲ ಅಂತಲ್ಲ. 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯ ಮಹಾಸಭೆ ನಿರಾಶ್ರಿತರ ಜಾಗತಿಕ ಒಡಂಬಡಿಕೆಯನ್ನು ಒಪ್ಪಿತು. 181 ದೇಶಗಳು ಪರ. ಅಮೆರಿಕ ಮತ್ತು ಹಂಗೇರಿ ವಿರುದ್ಧ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. 2025ರಲ್ಲಿ ಅಮೆರಿಕ ವಿದೇಶಿ ನೆರವನ್ನು ಕಡಿತ ಮಾಡಿತು, ಬೇರೆಯವರೂ ಕೈ ಬಿಗಿ ಮಾಡಿದರು. ಯುಎನ್‌ಎಚ್‌ಸಿಆರ್ ಸುಮಾರು 3,500 ಹುದ್ದೆಗಳನ್ನು ತೆಗೆಯಬೇಕಾಯಿತು. ಅಮೆರಿಕ ವರ್ಷಕ್ಕೆ 1,25,000 ಇದ್ದ ಪುನರ್ವಸತಿಯ ಮಿತಿಯನ್ನು 7,500ಕ್ಕೆ ಇಳಿಸಿತು. ಅದರಲ್ಲೂ ಬಹುಪಾಲು ದಕ್ಷಿಣ ಆಫ್ರಿಕಾದ ಬಿಳಿಯರಿಗೆ. ಪರಿಣಾಮ ಎಲ್ಲಿ ಕಾಣುತ್ತದೆ ಅಂದರೆ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ. ಅಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ ಹತ್ತು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳು ರೇಷನ್ನಿನ ಮೇಲೇ ಬದುಕುತ್ತಾರೆ. 2023ರಲ್ಲಿ ದುಡ್ಡಿಲ್ಲದೆ ಒಬ್ಬರ ತಿಂಗಳ ರೇಷನ್ 12 ಡಾಲರ್‌ನಿಂದ 8ಕ್ಕೆ ಇಳಿಯಿತು. ಆಮೇಲೆ ಏರಿದರೂ ಪ್ರತಿ ವರ್ಷ ಅದೇ ಭಯ.

ಬೈಲಕುಪ್ಪೆಯಲ್ಲಿ ಆದದ್ದು

ಭಾರತ ಯಾಕೆ ಸಹಿ ಹಾಕಿಲ್ಲ ಎಂಬ ಪ್ರಶ್ನೆಗೆ ಒಂದು ಉತ್ತರ 1971ರಲ್ಲಿದೆ. ಪೂರ್ವ ಪಾಕಿಸ್ತಾನದಿಂದ ಆ ವರ್ಷ ಸುಮಾರು 1 ಕೋಟಿ ಜನ ಬಂದರು. ಅಟ್ಟಲಿಲ್ಲ. ಹೊರಗಿನ ನೆರವು ಬಂದದ್ದು ಖರ್ಚಿನ ಒಂದು ಪಾಲು ಮಾತ್ರ. ಬಾಂಗ್ಲಾದೇಶ ಆದ ಮೇಲೆ ಕೆಲವೇ ತಿಂಗಳಲ್ಲಿ ಬಹುತೇಕರು ವಾಪಸ್ ಹೋದರು. ಹೊರೆ ಹಂಚದ ಒಪ್ಪಂದಕ್ಕೆ ಸಹಿ ಹಾಕಿ ನಮಗೇನು ಸಿಗುತ್ತದೆ ಎಂಬ ವಾದ ದೆಹಲಿಯಲ್ಲಿ ಆವತ್ತಿನಿಂದಲೂ ಇದೆ. ಆ ವಾದದಲ್ಲಿ ಹುರುಳಿದೆ.

ಒಪ್ಪಂದ ಇಲ್ಲದೆಯೂ ಸಹಕಾರ ನಡೆಯಬಹುದು ಎನ್ನುವುದಕ್ಕೆ ಸಾಕ್ಷಿ ನಮ್ಮ ಮೈಸೂರು ಸೀಮೆಯಲ್ಲೇ ಇದೆ. 1959ರಲ್ಲಿ ದಲೈ ಲಾಮಾ ಗಡಿ ದಾಟಿ ಬಂದ ಮೇಲೆ ನೆಹರೂ ಸರ್ಕಾರ ರಾಜ್ಯಗಳಿಗೆ ಜಾಗ ಕೇಳಿತು. ಮುಂದೆ ಬಂದು ಹೆಚ್ಚು ಜಾಗ ಕೊಟ್ಟದ್ದು ಆಗಿನ ಮೈಸೂರು ರಾಜ್ಯ. ಬೈಲಕುಪ್ಪೆ ಬಳಿ ಸುಮಾರು 3,000 ಎಕರೆ ಕಾಡು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ಕ್ಯಾಂಪುಗಳಾದವು. ಜಾಗ ರಾಜ್ಯದ್ದು, ದುಡ್ಡು ಕೇಂದ್ರದ್ದು, ಟ್ರ್ಯಾಕ್ಟರ್ ಮತ್ತು ತರಬೇತಿಗೆ ವಿದೇಶಿ ನೆರವು. ಈ ಕೆಲಸಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಟಿಬೆಟಿಯನ್ನರ ಪುನರ್ವಸತಿ ಒಂದು ಹಂತಕ್ಕೆ ಬಂದ ಮೇಲೆ ಅದೇ ಸಂಸ್ಥೆ ಸುತ್ತಲಿನ ಬಡವರ ಕಡೆ ತಿರುಗಿತು. 1980ರ ದಶಕದಲ್ಲಿ ಹಳ್ಳಿಯವರ ಸಣ್ಣ ಉಳಿತಾಯದ ಗುಂಪುಗಳನ್ನು ಕಟ್ಟಿತು. ಆಮೇಲೆ ನಬಾರ್ಡ್ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಇವತ್ತು ಊರೂರಲ್ಲಿ ಇರುವ ಮಹಿಳಾ ಸ್ವಸಹಾಯ ಸಂಘಗಳ ಒಂದು ಬೇರು ಟಿಬೆಟಿಯನ್ ಕ್ಯಾಂಪಿನಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತು? ನಿರಾಶ್ರಿತರಿಗೆ ಕೊಟ್ಟ ದುಡ್ಡು ಊರಿನವರ ಕೈತಪ್ಪಿತು ಅನ್ನುವವರಿಗೆ ನಾನು ಹೇಳುವ ಉದಾಹರಣೆ ಇದೇ.

ಆದರೆ ಇದರ ಕೆಳಗೆ ಕಾನೂನು ಇಲ್ಲ. ಭಾರತದಲ್ಲಿ ನಿರಾಶ್ರಿತರಿಗೆ ಪ್ರತ್ಯೇಕ ಕಾಯ್ದೆಯೇ ಇಲ್ಲ. ಎಲ್ಲ ಸರ್ಕಾರದ ಆದೇಶದ ಮೇಲೆ ನಡೆಯುತ್ತದೆ. ಅರುಣಾಚಲ ಪ್ರದೇಶದಲ್ಲಿದ್ದ ಚಕ್ಮಾ ನಿರಾಶ್ರಿತರ 1996ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಾಗರಿಕರಲ್ಲದವರಿಗೂ ಸಂವಿಧಾನದ 21ನೇ ವಿಧಿಯ ಜೀವದ ಹಕ್ಕಿದೆ ಎಂದಿತು. 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೊಹಿಂಗ್ಯಾಗಳ ಪ್ರಕರಣದಲ್ಲಿ, ಆ ಹಕ್ಕು ಇದೆ ನಿಜ, ಆದರೆ ಗಡಿಪಾರು ಆಗದಿರುವ ಹಕ್ಕು ಇಲ್ಲಿ ನೆಲೆಸುವ ಹಕ್ಕಿಗೆ ಸೇರಿದ್ದು, ಅದು ನಾಗರಿಕರಿಗೆ ಮಾತ್ರ ಎಂದಿತು.

2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು. ಅದರಲ್ಲೂ ನಿರಾಶ್ರಿತ ಎಂಬ ವರ್ಗ ಇಲ್ಲ. ಅದರ ಜೊತೆಗೇ ಹೊರಬಿದ್ದ ಒಂದು ವಿನಾಯಿತಿ ಆದೇಶದಲ್ಲಿ ಕೆಲವರ ಹೆಸರಿದೆ. ನೋಂದಣಿ ಆದ ಟಿಬೆಟಿಯನ್ನರು. 2015ರ ಜನವರಿ 9ರ ತನಕ ಬಂದು ನೋಂದಣಿ ಆದ ಶ್ರೀಲಂಕಾ ತಮಿಳರು. 2024ರ ಕೊನೆಯವರೆಗೆ ಬಂದ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಅಲ್ಪಸಂಖ್ಯಾತರು. ಮ್ಯಾನ್ಮಾರ್‌ನವರು ಇದರಲ್ಲಿ ಇಲ್ಲ. ಬೆಂಗಳೂರಿನ ಹೊರವಲಯದಲ್ಲಿ ಗುಜರಿ ಆಯ್ದು ಬದುಕುವ ರೊಹಿಂಗ್ಯಾ ಕುಟುಂಬಗಳಲ್ಲಿ ಕೆಲವರ ಬಳಿ ಯುಎನ್‌ಎಚ್‌ಸಿಆರ್ ಕೊಟ್ಟ ಕಾರ್ಡ್ ಇರುತ್ತದೆ. ಭಾರತದ ಕಾನೂನಿನಲ್ಲಿ ಆ ಕಾರ್ಡಿಗೆ ಬೆಲೆ ಇಲ್ಲ. ನನ್ನನ್ನು ಯಾಕೆ ವಾಪಸ್ ಕಳಿಸಬಾರದು ಎಂದು ಆತ ಹೇಳಲು ಹೋದರೆ, ಕೂತು ಕೇಳಿ ತೀರ್ಮಾನ ಮಾಡಲು ಕಾಯ್ದೆಯಲ್ಲಿ ಹೆಸರಿಸಿದ ಅಧಿಕಾರಿಯೂ ಇಲ್ಲ. 1951ರ ಒಪ್ಪಂದಕ್ಕೆ ಸಹಿ ಹಾಕದೆಯೂ ಅಂಥ ಒಬ್ಬ ಅಧಿಕಾರಿಯನ್ನು ನೇಮಿಸಬಹುದು. ಸಂಸತ್ತಿನಲ್ಲಿ ಶಶಿ ತರೂರ್ ಖಾಸಗಿ ಮಸೂದೆಯಾಗಿ ತಂದ ಆಶ್ರಯ ಕಾನೂನಿನ ಪ್ರಸ್ತಾವದಲ್ಲಿ ಇದೇ ಥರದ ವ್ಯವಸ್ಥೆ ಇತ್ತು. ಅದು ಪಾಸಾಗಲಿಲ್ಲ.